ಓದಿನ ನಡುವೆ ಚದುರಂಗ: ಸಮಯ ಕಡಿಮೆ ಇರುವ ವಿದ್ಯಾರ್ಥಿ ಆಟಗಾರರಿಗೆ ಸಮಗ್ರ ಮಾರ್ಗದರ್ಶಿ

ಚೆಸ್‌ನ ನಿಯಮಗಳನ್ನು ಚೆನ್ನಾಗಿ ಬಲ್ಲ, ಹಾಸ್ಟೆಲ್ಲಿನ ಗೆಳೆಯರನ್ನು ಬಹುಮಟ್ಟಿಗೆ ಸೋಲಿಸಬಲ್ಲ, ಆದರೆ ಆನ್‌ಲೈನ್ ರೇಟಿಂಗ್ (ಆಟದ ಮಟ್ಟವನ್ನು ತೋರಿಸುವ ಅಂಕ) 1000ದಿಂದ 1600ರ ನಡುವೆ ಎಲ್ಲೋ ಒಂದು ಕಡೆ ನಿಂತು ಮುಂದಕ್ಕೆ ಹೋಗದಿರುವ ಕಾಲೇಜು ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. ಬೆಳಗಿನಿಂದ ಸಂಜೆಯವರೆಗೆ ತರಗತಿ, ಅದರ ಮೇಲೆ ಲ್ಯಾಬ್ ರೆಕಾರ್ಡ್, ನಡುನಡುವೆ ಇಂಟರ್ನಲ್ಸ್, ಕೊನೆಗೆ ಸೆಮಿಸ್ಟರ್ ಪರೀಕ್ಷೆ. ಇಷ್ಟೆಲ್ಲದರ ನಡುವೆ ಚೆಸ್‌ಗೆ ಉಳಿಯುವುದು ವಾರಕ್ಕೆ ಹೆಚ್ಚೆಂದರೆ ನಾಲ್ಕೈದು ಗಂಟೆ. ಅಷ್ಟು ಸಮಯದಲ್ಲಿ ಆಟ ಸುಧಾರಿಸುವುದು ಸಾಧ್ಯ. ಆದರೆ ಆ ನಾಲ್ಕೈದು ಗಂಟೆಗಳು ರಾತ್ರಿ ಹೊತ್ತಿನ ಮೂರು ನಿಮಿಷದ ಆಟಗಳಲ್ಲಿ ಸೋರಿಹೋಗುತ್ತಿದ್ದರೆ, ವಾರಕ್ಕೆ ಇಪ್ಪತ್ತು ಗಂಟೆ ಸಿಕ್ಕರೂ ಆಟ ಬದಲಾಗುವುದಿಲ್ಲ. ಆಟಗಳನ್ನು ಕಡಿಮೆ ಮಾಡಿ, ನಿಧಾನವಾಗಿ ಆಡಿ, ಆಡಿದ ಪ್ರತಿಯೊಂದನ್ನೂ ಪ್ರಾಮಾಣಿಕವಾಗಿ ಮರಳಿ ನೋಡಬೇಕು ಎಂಬುದೇ ಇಲ್ಲಿ ಹೇಳಹೊರಟಿರುವ ವಿಧಾನ. ಮುಂದಿನ ಹಂತಗಳೆಲ್ಲ ಅದರ ವಿವರಗಳು.

ಓದು ಮತ್ತು ಚೆಸ್ ಒಂದಕ್ಕೊಂದು ಶತ್ರುಗಳು ಎಂಬ ಭಾವನೆ ಮನೆಗಳಲ್ಲಿ ಬಲವಾಗಿದೆ. ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ವಿಶ್ವನಾಥನ್ ಆನಂದ್ ಚೆನ್ನೈನ ಲೊಯೊಲಾ ಕಾಲೇಜಿನಲ್ಲಿ ಬಿ.ಕಾಂ. ಓದಿದವರು. ಮೂರು ಬಾರಿ ವಿಶ್ವ ಕಿರೀಟ ಧರಿಸಿದ ಸೋವಿಯತ್ ಆಟಗಾರ ಮಿಖಾಯಿಲ್ ಬೋಟ್ವಿನ್ನಿಕ್ ವಿದ್ಯುತ್ ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಪಡೆದು, ಆ ವೃತ್ತಿಯನ್ನೂ ಕೊನೆಯವರೆಗೆ ಬಿಡಲಿಲ್ಲ. ನಮ್ಮಲ್ಲೇ ನೋಡುವುದಾದರೆ, 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ರೈಲ್ವೆ ಉದ್ಯೋಗದಲ್ಲಿದ್ದುಕೊಂಡೇ ಆ ಬಿರುದನ್ನು ಮುಟ್ಟಿದರು. ಅವರ ಪ್ರತಿಭೆ ನಮಗಿಲ್ಲದಿರಬಹುದು. ಆದರೆ ಬೇರೆ ಕೆಲಸವನ್ನು ಹೊತ್ತುಕೊಂಡೇ ಚೆಸ್ ಆಡಬಹುದು ಎಂಬುದಕ್ಕೆ ಇಷ್ಟು ಉದಾಹರಣೆ ಸಾಕು.

ಮೊದಲ ಹಂತ: ದಿನಚರಿಗಿಂತ ಮೊದಲು ಸೆಮಿಸ್ಟರ್ ಯೋಜನೆ

"ಪ್ರತಿದಿನ ಒಂದು ಗಂಟೆ ಚೆಸ್" ಎಂಬ ಸಂಕಲ್ಪ ಮೊದಲ ಇಂಟರ್ನಲ್ಸ್ ಬಂದ ವಾರವೇ ಮುರಿಯುತ್ತದೆ, ಮುರಿದ ಮೇಲೆ ಬೇಸರವಾಗಿ ಪೂರ್ತಿ ನಿಂತೇಹೋಗುತ್ತದೆ. ಆದ್ದರಿಂದ ಸೆಮಿಸ್ಟರ್ ಆರಂಭವಾದಾಗ ಕಾಲೇಜು ಕೊಡುವ ಶೈಕ್ಷಣಿಕ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು, ವಾರಗಳನ್ನು ಮೂರು ಬಗೆಯಾಗಿ ಗುರುತು ಹಾಕಿಕೊಳ್ಳಬೇಕು.

ಸಾಮಾನ್ಯ ತರಗತಿಗಳ ವಾರಗಳಲ್ಲಿ ಪೂರ್ಣ ಅಭ್ಯಾಸ ನಡೆಯಲಿ: ಭಾನುವಾರ ಬೆಳಗ್ಗೆ ಒಂದು ನಿಧಾನದ ಆಟ, ಅದೇ ದಿನ ಸಂಜೆ ಒಂದು ಗಂಟೆ ಅದರ ಪರಿಶೀಲನೆ, ವಾರದ ಐದು ದಿನ ತಲಾ 20 ನಿಮಿಷ ಟ್ಯಾಕ್ಟಿಕ್ಸ್ ಪಜಲ್‌ಗಳು (ಕೆಲವೇ ನಡೆಗಳಲ್ಲಿ ಕಾಯಿಯನ್ನೋ ಆಟವನ್ನೋ ಗೆಲ್ಲುವ ದಾರಿ ಹುಡುಕುವ ಒಗಟುಗಳು), ಮತ್ತು ಒಂದು ದಿನ 40 ನಿಮಿಷ ಅಂತ್ಯದಾಟ (ಕೆಲವೇ ಕಾಯಿಗಳು ಉಳಿದಿರುವ ಕೊನೆಯ ಘಟ್ಟ). ಇಂಟರ್ನಲ್ಸ್ ಇರುವ ವಾರದಲ್ಲಿ ಪಜಲ್‌ಗಳು ಮಾತ್ರ, ಅದೂ ಹತ್ತು ನಿಮಿಷ, ಆಟ ಬೇಡ. ಸೆಮಿಸ್ಟರ್ ಪರೀಕ್ಷೆಯ ತಿಂಗಳಲ್ಲಿ ಚೆಸ್ ಆ್ಯಪ್‌ಗಳನ್ನು ಫೋನಿನಿಂದ ತೆಗೆದುಹಾಕುವುದೇ ಒಳ್ಳೆಯದು. ಕೆಲವು ವಾರ ಆಡದಿದ್ದರೆ ಕಲಿತದ್ದು ಮರೆತುಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಲೆಕ್ಕಾಚಾರದ ಚುರುಕು ಸ್ವಲ್ಪ ಮಂಕಾಗುತ್ತದೆ, ಒಂದು ವಾರದ ಪಜಲ್ ಅಭ್ಯಾಸದಲ್ಲಿ ಮರಳಿ ಬರುತ್ತದೆ. ಪರೀಕ್ಷೆ ಮುಗಿದ ನಂತರದ ರಜೆ ಟೂರ್ನಿಗಳಿಗೆ ಮೀಸಲಾಗಿರಲಿ.

ಹೀಗೆ ಮೊದಲೇ ಬರೆದಿಟ್ಟಾಗ ಪರೀಕ್ಷೆಯ ವಾರದಲ್ಲಿ ಆಡಲಿಲ್ಲವೆಂಬ ಕೊರಗೂ ಇರುವುದಿಲ್ಲ, ಆಡುವಾಗ ಓದು ಬಿಟ್ಟೆನೆಂಬ ಅಪರಾಧಿ ಭಾವವೂ ಇರುವುದಿಲ್ಲ. ಈ ಎರಡೂ ಮನಸ್ಸಿನ ಏಕಾಗ್ರತೆಯನ್ನು ಸಮಯದ ಕೊರತೆಗಿಂತ ಹೆಚ್ಚು ಕೆಡಿಸುತ್ತವೆ.

ಎರಡನೆಯ ಹಂತ: ಯಾವ ಆಟ ಆಡಬೇಕು

ಒಂದು ನಿಮಿಷದ ಬುಲೆಟ್ ಆಟವನ್ನು ಪೂರ್ತಿಯಾಗಿ ಬಿಟ್ಟುಬಿಡುವುದು ನನ್ನ ಸ್ಪಷ್ಟ ಸಲಹೆ. ಬುಲೆಟ್‌ನಲ್ಲಿ ಕೈಗೆ ಬಂದ ಮೊದಲ ನಡೆಯನ್ನು ಆಡುವುದೇ ಲಾಭದಾಯಕ, ಮತ್ತು ನಾವು ಕಿತ್ತುಹಾಕಬೇಕೆಂದಿರುವ ಅಭ್ಯಾಸವೂ ಅದೇ. ಮೂರು ಅಥವಾ ಐದು ನಿಮಿಷದ ಬ್ಲಿಟ್ಜ್ ಆಟಗಳಿಗೆ ಸ್ವಲ್ಪ ಉಪಯೋಗವಿದೆ: ಹೊಸ ಓಪನಿಂಗ್ (ಆಟದ ಆರಂಭದ ನಡೆಗಳ ಕ್ರಮ) ಕಲಿಯುವಾಗ ಎದುರಾಳಿಗಳು ಏನೇನು ಆಡುತ್ತಾರೆಂಬುದನ್ನು ಬೇಗ ತಿಳಿಯಬಹುದು. ಆದರೂ ಒಂದು ಸಲ ಕೂತರೆ ಎರಡೇ ಆಟ ಎಂಬ ಮಿತಿಯಿರಲಿ. ಸೋತ ತಕ್ಷಣ ಕಳೆದ ಅಂಕವನ್ನು ಮರಳಿ ಪಡೆಯಲು ಮತ್ತೊಂದು, ಅದೂ ಸೋತರೆ ಇನ್ನೊಂದು ಎಂದು ರಾತ್ರಿ ಎರಡು ಗಂಟೆಯಾಗುವುದು ಹಾಸ್ಟೆಲ್ಲಿನಲ್ಲಿ ಬಹಳ ಸಾಮಾನ್ಯ. ಅದರ ಬೆಲೆಯನ್ನು ಮರುದಿನದ ಮೊದಲ ತರಗತಿ ತೆರುತ್ತದೆ.

ಆಟ ಸುಧಾರಿಸುವುದು ನಿಧಾನದ ಆಟಗಳಿಂದ. ಉಚಿತ ಚೆಸ್ ತಾಣವಾದ ಲಿಚೆಸ್‌ನಲ್ಲಿ ಪ್ರತಿ ಆಟಗಾರನಿಗೆ 30 ನಿಮಿಷ ಮತ್ತು ಪ್ರತಿ ನಡೆಗೆ 20 ಸೆಕೆಂಡು ಸೇರುವ ಆಟ ವಾರಕ್ಕೊಮ್ಮೆ ಆಡಲು ಹೇಳಿಮಾಡಿಸಿದಂತಿದೆ. ಅಷ್ಟು ಬಿಡುವಿಲ್ಲದ ವಾರ 15 ನಿಮಿಷ ಮತ್ತು 10 ಸೆಕೆಂಡಿನ ಆಟ ಆಗಬಹುದು. ಅದಕ್ಕಿಂತ ಕೆಳಗಿಳಿದರೆ ಯೋಚಿಸುವ ಕ್ರಮವನ್ನು ಅಭ್ಯಾಸ ಮಾಡಲು ಜಾಗವೇ ಇರುವುದಿಲ್ಲ. ಆಡುವಾಗ ಫೋನ್ ಬೇಡ, ಲ್ಯಾಪ್‌ಟಾಪ್‌ನಲ್ಲಿ ಆಡಿ, ಪಕ್ಕದಲ್ಲಿ ನಿಜವಾದ ಹಲಗೆಯನ್ನಿಟ್ಟುಕೊಂಡು ಪ್ರತಿ ನಡೆಯನ್ನೂ ಅದರ ಮೇಲೆ ಆಡುತ್ತ ಹೋಗುವುದು ಇನ್ನೂ ಒಳ್ಳೆಯದು. ಪರದೆಯಲ್ಲಿ ಮಾತ್ರ ಆಡಿದವರಿಗೆ ಟೂರ್ನಿಯ ಮೇಜಿನ ಮುಂದೆ ಕೂತಾಗ ದೂರದ ಮೂಲೆಯ ಒಂಟೆ ಕಣ್ಣಿಗೇ ಬೀಳುವುದಿಲ್ಲ.

ಮೂರನೆಯ ಹಂತ: ಪ್ರತಿ ನಡೆಗೂ ಒಂದು ಕ್ರಮ

ಈ ಮಟ್ಟದಲ್ಲಿ ಬಹುಪಾಲು ಆಟಗಳು ನಿರ್ಧಾರವಾಗುವುದು ಆಳವಾದ ಯೋಜನೆಗಳಿಂದಲ್ಲ, ಯಾರೋ ಒಬ್ಬರು ಕಾಯಿಯನ್ನು ಪುಕ್ಕಟೆ ಬಿಟ್ಟುಕೊಡುವುದರಿಂದ. ಆದ್ದರಿಂದ ಪ್ರತಿ ನಡೆಗೂ ಒಂದೇ ಕ್ರಮದಲ್ಲಿ ಯೋಚಿಸುವ ಅಭ್ಯಾಸವೇ ಎಲ್ಲಕ್ಕಿಂತ ದೊಡ್ಡ ಲಾಭ ಕೊಡುತ್ತದೆ.

ಎದುರಾಳಿ ಆಡಿದ ಕೂಡಲೇ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಈ ನಡೆಯಿಂದ ಹಲಗೆಯ ಮೇಲೆ ಏನು ಬದಲಾಯಿತು? ಆ ಕಾಯಿ ಈಗ ಯಾವ ಮನೆಗಳನ್ನು ನೋಡುತ್ತಿದೆ ಎಂಬುದಷ್ಟೇ ಅಲ್ಲ, ಮೊದಲು ಕಾಯುತ್ತಿದ್ದ ಯಾವ ಮನೆಯನ್ನು ಬಿಟ್ಟು ಬಂದಿದೆ, ಅದು ಸರಿದದ್ದರಿಂದ ಹಿಂದಿನ ಯಾವ ಆನೆಗೋ ಒಂಟೆಗೋ ದಾರಿ ತೆರೆಯಿತು ಎಂಬುದನ್ನೂ ನೋಡಬೇಕು. ಎರಡನೆಯ ಕೆಲಸ, ಇಬ್ಬರ ಕಡೆಯಿಂದಲೂ ಇರುವ ಚೆಕ್‌ಗಳು, ಹೊಡೆತಗಳು, ಬೆದರಿಕೆಗಳನ್ನು ಅದೇ ಕ್ರಮದಲ್ಲಿ ಎಣಿಸುವುದು. ಮೇಲ್ನೋಟಕ್ಕೆ ಹುಚ್ಚು ಎನಿಸುವ ಹೊಡೆತವನ್ನೂ ಒಂದು ಕ್ಷಣ ನೋಡಲೇಬೇಕು, ಏಕೆಂದರೆ ತ್ಯಾಗದ ನಡೆಗಳು ಅಡಗಿರುವುದು ಅಲ್ಲಿಯೇ. ಆಮೇಲೆ ಎರಡು ಅಥವಾ ಮೂರು ಒಳ್ಳೆಯ ನಡೆಗಳನ್ನು ಆಯ್ದು ಹೋಲಿಸಬೇಕು.

ಒಂದನ್ನು ಆಯ್ಕೆ ಮಾಡಿದ ಮೇಲೆ ಕೈ ಎತ್ತುವ ಮೊದಲು ಕೊನೆಯ ಪರೀಕ್ಷೆ ಬರುತ್ತದೆ: ನಾನು ಈ ನಡೆಯನ್ನು ಆಗಲೇ ಆಡಿದ್ದೇನೆ ಎಂದು ಕಲ್ಪಿಸಿಕೊಂಡು, ಎದುರಾಳಿಯ ಕುರ್ಚಿಯಲ್ಲಿ ಕೂತು, ಅವರ ಅತ್ಯುತ್ತಮ ಉತ್ತರ ಯಾವುದೆಂದು ಹುಡುಕುವುದು. ಇದಕ್ಕೆ ಹತ್ತು ಸೆಕೆಂಡು ಸಾಕು. ಆರಂಭದಲ್ಲಿ ಇದು ಕೃತಕವೆನಿಸುತ್ತದೆ ಮತ್ತು ಇಪ್ಪತ್ತನೆಯ ನಡೆಯ ಹೊತ್ತಿಗೆ ಮರೆತೇಹೋಗುತ್ತದೆ. ಮರೆತ ನಡೆ ಯಾವುದೆಂದು ಆಟ ಮುಗಿದ ಮೇಲೆ ಗುರುತು ಮಾಡಿಕೊಳ್ಳುತ್ತ ಹೋದರೆ, ಕೆಲವು ತಿಂಗಳಲ್ಲಿ ಅದು ತಾನಾಗಿಯೇ ನಡೆಯುವ ಮಟ್ಟಕ್ಕೆ ಬರುತ್ತದೆ. ನಡೆಯನ್ನು ಮೊದಲು ಹಾಳೆಯ ಮೇಲೆ ಬರೆದು, ಮತ್ತೊಮ್ಮೆ ನೋಡಿ, ನಂತರ ಆಡಬೇಕೆಂದು ಹಿಂದಿನ ತರಬೇತುದಾರರು ಹೇಳಿಕೊಡುತ್ತಿದ್ದರು. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ಈಗಿನ ನಿಯಮದಲ್ಲಿ ಡ್ರಾ ಬೇಡಿಕೆಯಂತಹ ಕೆಲವು ಸಂದರ್ಭಗಳ ಹೊರತು ಮೊದಲೇ ಬರೆಯುವುದು ನಿಷಿದ್ಧವಾದ್ದರಿಂದ, ಆ ಮರುನೋಟ ತಲೆಯೊಳಗೇ ನಡೆಯಬೇಕು.

ನಾಲ್ಕನೆಯ ಹಂತ: ಆಡಿದ ಆಟದ ಪರಿಶೀಲನೆ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತವನ್ನು ಪಾಲಿಸುವಷ್ಟು ಸಮಯವಿದ್ದರೆ, ಅದು ಇದಾಗಿರಲಿ.

ಹೆಚ್ಚಿನವರು ಆಟ ಮುಗಿದ ಕೂಡಲೇ ಎಂಜಿನ್ (ನಡೆಗಳನ್ನು ವಿಶ್ಲೇಷಿಸುವ ಕಂಪ್ಯೂಟರ್ ಪ್ರೋಗ್ರಾಂ) ತೆರೆಯುತ್ತಾರೆ, ಕೆಂಪು ಗುರುತು ಬಿದ್ದ ನಡೆಗಳನ್ನು ನೋಡುತ್ತಾರೆ, "ಅಯ್ಯೋ, ಇದು ಕಾಣಲಿಲ್ಲವಲ್ಲ" ಎಂದುಕೊಂಡು ಮುಂದಿನ ಆಟಕ್ಕೆ ಹೋಗುತ್ತಾರೆ. ಅದರಿಂದ ಕಲಿಯುವುದು ಬಹಳ ಕಡಿಮೆ. ಸ್ಟಾಕ್‌ಫಿಶ್‌ನಂತಹ ಎಂಜಿನ್ ಯಾವ ನಡೆ ಸರಿ ಎಂದು ಹೇಳುತ್ತದೆ. ನೀವು ಆ ನಡೆಯನ್ನು ಏಕೆ ನೋಡಲಿಲ್ಲ ಎಂದು ಅದಕ್ಕೆ ಗೊತ್ತಿಲ್ಲ. ಆ ಎರಡನೆಯದು ಗೊತ್ತಿರುವುದು ನಿಮಗೊಬ್ಬರಿಗೇ, ಅದೂ ಆಟದ ನೆನಪು ಹಸಿಯಾಗಿರುವ ಕೆಲವು ಗಂಟೆಗಳವರೆಗೆ ಮಾತ್ರ.

ಆದ್ದರಿಂದ ಮೊದಲ ಅರ್ಧ ಗಂಟೆ ಎಂಜಿನ್ ಇಲ್ಲದೆ, ಹಲಗೆಯ ಮೇಲೆ ಆಟವನ್ನು ಮತ್ತೆ ಆಡಿ. ಎಲ್ಲಿ ತುಂಬ ಹೊತ್ತು ಯೋಚಿಸಿದಿರಿ, ಎಲ್ಲಿ ಯೋಚಿಸದೆ ಆಡಿದಿರಿ, ಎಲ್ಲಿ ಎದುರಾಳಿಯ ನಡೆ ನಿಮ್ಮನ್ನು ಬೆಚ್ಚಿಬೀಳಿಸಿತು ಎಂಬುದನ್ನು ಒಂದೊಂದು ಸಾಲಿನಲ್ಲಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆಟ ಕೈತಪ್ಪಿದ ನಡೆ ಯಾವುದೆಂಬ ನಿಮ್ಮ ಊಹೆಯನ್ನೂ ಬರೆಯಿರಿ. ಆಮೇಲೆ ಎಂಜಿನ್ ತೆರೆದು ಹೋಲಿಸಿ. ನೀವು ಸೋಲಿಗೆ ಕಾರಣವೆಂದುಕೊಂಡ ನಡೆಗಿಂತ ಐದಾರು ನಡೆ ಮೊದಲೇ ಸ್ಥಿತಿ ಕೆಟ್ಟಿತ್ತು ಎಂದು ಎಷ್ಟೋ ಸಲ ಕಾಣುತ್ತದೆ, ಮತ್ತು ಆ ವ್ಯತ್ಯಾಸದಲ್ಲಿಯೇ ಪಾಠವಿದೆ.

ಒಂದು ಉದಾಹರಣೆಯನ್ನು ಹಲಗೆಯ ಮೇಲೆ ಇಟ್ಟುನೋಡಿ (ಮನೆಯ ಹೆಸರಿನಲ್ಲಿ ಅಕ್ಷರ ಕಂಬಸಾಲನ್ನು, ಅಂಕಿ ಅಡ್ಡಸಾಲನ್ನು ಹೇಳುತ್ತದೆ). ಬಿಳಿಯ ಇ4, ಕಪ್ಪಿನ ಇ5. ಕುದುರೆ ಎಫ್3, ಕುದುರೆ ಸಿ6. ಒಂಟೆ ಸಿ4, ಕುದುರೆ ಎಫ್6. ನಾಲ್ಕನೆಯ ನಡೆಯಲ್ಲಿ ಬಿಳಿ ಕುದುರೆ ಜಿ5ಕ್ಕೆ ಬಂದು ಎಫ್7ರ ಮೇಲೆ ಕಣ್ಣಿಡುತ್ತದೆ. ಕಪ್ಪು ಡಿ5 ಆಡಿ ಒಂಟೆಯ ದಾರಿ ಮುಚ್ಚುತ್ತದೆ, ಬಿಳಿಯ ಕಾಲಾಳು ಡಿ5ರಲ್ಲಿ ಹೊಡೆಯುತ್ತದೆ. ಈಗ ಕುದುರೆಯಿಂದ ಆ ಕಾಲಾಳನ್ನು ಮರಳಿ ಹೊಡೆಯುವುದು ಅತ್ಯಂತ ಸಹಜವೆನಿಸುವ ನಡೆ, ಮತ್ತು ಅದೇ ಅಪಾಯದ ನಡೆ. ಬಿಳಿ ಕುದುರೆ ಎಫ್7ರಲ್ಲಿ ತನ್ನನ್ನೇ ತ್ಯಾಗ ಮಾಡುತ್ತದೆ, ರಾಜ ಅದನ್ನು ಹೊಡೆದರೆ ರಾಣಿ ಎಫ್3ಕ್ಕೆ ಬಂದು ಚೆಕ್ ಕೊಡುತ್ತ ಡಿ5ರ ಕುದುರೆಯ ಮೇಲೂ ದಾಳಿ ಮಾಡುತ್ತದೆ. ಆ ಕುದುರೆಯನ್ನು ಉಳಿಸಿಕೊಳ್ಳಲು ಕಪ್ಪು ರಾಜ ಇ6ಕ್ಕೆ, ಎಂದರೆ ಹಲಗೆಯ ನಟ್ಟನಡುವಿಗೆ ನಡೆದುಬರಬೇಕಾಗುತ್ತದೆ. ಅದರ ಬದಲು ಐದನೆಯ ನಡೆಯಲ್ಲಿ ಕುದುರೆಯನ್ನು ಎ5ಕ್ಕೆ ಆಡಿ ಸಿ4ರ ಒಂಟೆಯ ಮೇಲೆ ದಾಳಿ ಮಾಡುವುದು ಬಲ್ಲವರ ದಾರಿ. ಒಂದು ಕಾಲಾಳು ಹೋಗುತ್ತದೆ, ಆದರೆ ಕಪ್ಪಿನ ಕಾಯಿಗಳು ಬೇಗ ಹೊರಬರುತ್ತವೆ.

ಈ ಆಟವನ್ನು ಸೋತವರು ನೋಟ್‌ಬುಕ್ಕಿನಲ್ಲಿ "ಐದನೆಯ ನಡೆ ತಪ್ಪು, ಎ5 ಸರಿ" ಎಂದು ಬರೆದರೆ ಪ್ರಯೋಜನ ಕಡಿಮೆ. "ಕಾಲಾಳನ್ನು ಮರಳಿ ಹೊಡೆಯುವುದು ಕಡ್ಡಾಯ ಎಂದುಕೊಂಡೆ, ಬೇರೆ ನಡೆಯನ್ನು ಹುಡುಕಲೇ ಇಲ್ಲ" ಎಂದು ಬರೆದರೆ, ಅದು ಈ ಓಪನಿಂಗ್‌ಗೆ ಮಾತ್ರವಲ್ಲ, ಮುಂದಿನ ಎಷ್ಟೋ ಸ್ಥಿತಿಗಳಿಗೆ ಅನ್ವಯಿಸುವ ಮಾತು.

ತಪ್ಪುಗಳನ್ನು ಗುಂಪು ಮಾಡಿಡುವುದು ಅಗತ್ಯ. ಎದುರಾಳಿಯ ಬೆದರಿಕೆ ಕಾಣಲಿಲ್ಲ; ಕಂಡಿತು, ಆದರೆ ಲೆಕ್ಕ ತಪ್ಪಿತು; ಏನು ಮಾಡಬೇಕೆಂಬ ಯೋಜನೆಯೇ ಹೊಳೆಯಲಿಲ್ಲ; ಸಮಯ ಮುಗಿಯಿತು; ಅಂತ್ಯದಾಟದ ವಿಧಾನ ಗೊತ್ತಿರಲಿಲ್ಲ. ಪ್ರತಿ ಆಟದ ಮುಖ್ಯ ತಪ್ಪಿನ ಮುಂದೆ ಈ ಐದರಲ್ಲಿ ಒಂದನ್ನು ಬರೆಯುತ್ತ ಹೋದರೆ, ಹತ್ತು ಹನ್ನೆರಡು ಆಟಗಳ ನಂತರ ಯಾವ ಗುಂಪು ಪದೇ ಪದೇ ಬರುತ್ತಿದೆ ಎಂಬುದು ಎದ್ದು ಕಾಣುತ್ತದೆ. ಮುಂದೆ ಏನನ್ನು ಅಭ್ಯಾಸ ಮಾಡಬೇಕೆಂಬುದನ್ನು ನಿರ್ಧರಿಸಬೇಕಾದದ್ದು ಆ ಪಟ್ಟಿಯೇ ಹೊರತು ಯೂಟ್ಯೂಬ್ ಎದುರಿಗೆ ತಂದಿಡುವ ವಿಡಿಯೊ ಅಲ್ಲ. ಸಮಯವನ್ನು ಮಿತವಾಗಿ ಬಳಸಬೇಕಾದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಸಲಹೆಗಾರ ಸಿಗುವುದಿಲ್ಲ.

ತಿಂಗಳಿಗೊಂದು ಆಟವನ್ನಾದರೂ ಬೇರೆಯವರಿಗೆ ತೋರಿಸಿ. ಆಟಗಾರನು ತನ್ನ ವಿಶ್ಲೇಷಣೆಯನ್ನು ಪ್ರಕಟಿಸಬೇಕು, ಆಗ ಉಳಿದವರು ಅದರ ತಪ್ಪುಗಳನ್ನು ಎತ್ತಿ ತೋರಿಸುತ್ತಾರೆ ಎಂದು ಬೋಟ್ವಿನ್ನಿಕ್ ಒತ್ತಿ ಹೇಳುತ್ತಿದ್ದರು. ನಮಗೆ ಪತ್ರಿಕೆ ಬೇಕಿಲ್ಲ. ಲಿಚೆಸ್‌ನ ಸ್ಟಡಿ ವಿಭಾಗದಲ್ಲಿ ಆಟವನ್ನು ಟಿಪ್ಪಣಿಗಳೊಂದಿಗೆ ದಾಖಲಿಸಿ, ಕಾಲೇಜಿನಲ್ಲಿ ನಿಮಗಿಂತ ಸ್ವಲ್ಪ ಚೆನ್ನಾಗಿ ಆಡುವ ಸೀನಿಯರ್ ಒಬ್ಬರಿಗೆ ಕೊಂಡಿ ಕಳಿಸಿದರೆ ಸಾಕು. ಇನ್ನೊಬ್ಬರು ಓದುತ್ತಾರೆಂದು ಗೊತ್ತಿದ್ದಾಗ ಟಿಪ್ಪಣಿಯನ್ನು ನಾವೇ ಹೆಚ್ಚು ಎಚ್ಚರದಿಂದ ಬರೆಯುತ್ತೇವೆ.

ಐದನೆಯ ಹಂತ: ಟ್ಯಾಕ್ಟಿಕ್ಸ್

ಪಜಲ್‌ಗಳನ್ನು ಬಿಡಿಸುವಲ್ಲಿ ಎರಡು ಬೇರೆ ಬೇರೆ ಉದ್ದೇಶಗಳಿವೆ, ಅವುಗಳನ್ನು ಬೆರೆಸಬಾರದು. ಮೊದಲನೆಯದು ಮಾದರಿಗಳನ್ನು ನೋಡಿದ ಕೂಡಲೇ ಗುರುತಿಸುವುದು: ಫೋರ್ಕ್ (ಒಂದೇ ಕಾಯಿ ಏಕಕಾಲಕ್ಕೆ ಎರಡರ ಮೇಲೆ ದಾಳಿ ಮಾಡುವುದು), ಪಿನ್ (ಹಿಂದೆ ಹೆಚ್ಚು ಬೆಲೆಯ ಕಾಯಿ ಇರುವುದರಿಂದ ಮುಂದಿನದು ಸರಿಯಲಾಗದಿರುವುದು), ಸ್ಕ್ಯೂವರ್ (ಮುಂದಿನ ದೊಡ್ಡ ಕಾಯಿ ಸರಿದಾಗ ಹಿಂದಿನದು ಸಿಗುವುದು), ಒಂದು ಕಾಯಿ ಸರಿದಾಗ ಹಿಂದಿನ ಕಾಯಿಯಿಂದ ಆಗುವ ದಾಳಿ, ಕೊನೆಯ ಸಾಲಿನ ಮೇಟ್, ಕಾವಲು ಕಾಯಿಯನ್ನು ಹೊಡೆದುಹಾಕುವುದು. ಇದಕ್ಕೆ ಸುಲಭವಾದ ಪಜಲ್‌ಗಳೇ ಬೇಕು. ಒಂದು ವಿಷಯವನ್ನು ಆಯ್ದು, ಐವತ್ತು ಅರವತ್ತು ಪಜಲ್‌ಗಳ ಒಂದು ಗುಂಪು ಮಾಡಿಕೊಂಡು, ಅದೇ ಗುಂಪನ್ನು ಎರಡು ಮೂರು ವಾರಗಳ ಅಂತರದಲ್ಲಿ ಮತ್ತೆ ಮತ್ತೆ ಬಿಡಿಸಿ. ಮಗ್ಗಿ ಬಾಯಿಪಾಠವಾದಂತೆ ಈ ಮಾದರಿಗಳು ಕಣ್ಣಿಗೆ ಪಾಠವಾಗಬೇಕು. ಲಿಚೆಸ್‌ನಲ್ಲಿ ಪಜಲ್‌ಗಳನ್ನು ವಿಷಯವಾರು ಆರಿಸಿಕೊಳ್ಳಬಹುದು, ಹಣ ಕೊಡಬೇಕಿಲ್ಲ, ದಿನಕ್ಕಿಷ್ಟೇ ಎಂಬ ಮಿತಿಯೂ ಇಲ್ಲ. ಚೆಸ್.ಕಾಮ್‌ನ ಉಚಿತ ಖಾತೆಯಲ್ಲಿ ಮಿತಿಯಿದೆ.

ಎರಡನೆಯ ಉದ್ದೇಶ ಲೆಕ್ಕಾಚಾರದ ಶಕ್ತಿ. ಇದಕ್ಕೆ ಕಷ್ಟದ ಪಜಲ್ ಬೇಕು, ದಿನಕ್ಕೆ ಒಂದೆರಡು ಸಾಕು. ಇಲ್ಲಿ ನಿಯಮ ಒಂದೇ: ಕೊನೆಯ ನಡೆಯವರೆಗೆ, ಎದುರಾಳಿಯ ಎಲ್ಲ ಮುಖ್ಯ ಉತ್ತರಗಳ ಸಮೇತ ತಲೆಯಲ್ಲಿ ಕಾಣುವವರೆಗೆ ಮೊದಲ ನಡೆಯನ್ನು ಆಡಬಾರದು. ಮೊದಲ ನಡೆ ಆಡಿ ನೋಡೋಣ, ತಪ್ಪಿದರೆ ಇನ್ನೊಂದು ಎಂಬ ಧೋರಣೆಯಲ್ಲಿ ಸಾವಿರ ಪಜಲ್ ಬಿಡಿಸಿದರೂ ಟೂರ್ನಿಯಲ್ಲಿ ಅದು ನೆರವಾಗದು, ಏಕೆಂದರೆ ಅಲ್ಲಿ ಕಾಯಿ ಮುಟ್ಟಿದರೆ ಮುಗಿಯಿತು.

ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವವರು ಫೋನ್ ಇಲ್ಲದೆಯೇ ಅಭ್ಯಾಸ ಮಾಡಬಹುದು. ಕಣ್ಣು ಮುಚ್ಚಿ ಎಫ್5 ಯಾವ ಬಣ್ಣದ ಮನೆ ಎಂದು ಕೇಳಿಕೊಳ್ಳಿ (ಅದು ಬಿಳಿ). ಎ1ರಲ್ಲಿರುವ ಕುದುರೆಯನ್ನು ಎಚ್8ಕ್ಕೆ ತಲುಪಿಸುವ ದಾರಿಯನ್ನು ಮನಸ್ಸಿನಲ್ಲೇ ಹುಡುಕಿ. ಆರು ನಡೆಗಳಲ್ಲಿ ಸಾಧ್ಯ, ಅದಕ್ಕಿಂತ ಕಡಿಮೆಯಲ್ಲಿ ಆಗದು. ಹಲಗೆ ತಲೆಯೊಳಗೆ ಸ್ಪಷ್ಟವಾದಷ್ಟೂ ಲೆಕ್ಕ ದೂರಕ್ಕೆ ಹೋಗುತ್ತದೆ.

ಆರನೆಯ ಹಂತ: ಓಪನಿಂಗ್‌ಗೆ ಕಡಿಮೆ, ಅಂತ್ಯದಾಟಕ್ಕೆ ಹೆಚ್ಚು

ಓಪನಿಂಗ್ ಬಗ್ಗೆ ಹೇಳಬೇಕಾದದ್ದು ಹೆಚ್ಚಿಲ್ಲ. ಬಿಳಿ ಕಾಯಿಗಳಿಗೆ ಇಟಾಲಿಯನ್, ಇ4ಕ್ಕೆ ಉತ್ತರವಾಗಿ ಇ5 ಅಥವಾ ಕ್ಯಾರೊ-ಕಾನ್, ಡಿ4ಕ್ಕೆ ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್; ಒಂದೊಂದನ್ನೇ ಹಿಡಿದು ಒಂದು ವರ್ಷ ಬದಲಿಸದೆ ಆಡಿ. ಪ್ರತಿ ಆಟದ ನಂತರ ಹತ್ತು ನಿಮಿಷ ಓಪನಿಂಗ್ ಎಕ್ಸ್‌ಪ್ಲೋರರ್ (ಹಿಂದೆ ಆಡಿದ ಆಟಗಳ ಆರಂಭದ ನಡೆಗಳನ್ನು ತೋರಿಸುವ ಸಾಧನ) ತೆರೆದು, ಎಷ್ಟನೆಯ ನಡೆಯಲ್ಲಿ ನೀವು ರೂಢಿಯ ದಾರಿ ಬಿಟ್ಟಿರಿ, ಅಲ್ಲಿ ಬಲ್ಲವರು ಏನು ಆಡುತ್ತಾರೆ ಎಂದು ನೋಡಿದರೆ ಸಾಕು. ಕಾಯಿಗಳನ್ನು ಬೇಗ ಹೊರತರುವುದರ ಬೆಲೆ ತಿಳಿಯಬೇಕಾದರೆ 1858ರಲ್ಲಿ ಪ್ಯಾರಿಸ್‌ನ ಒಪೆರಾ ಮಂದಿರದಲ್ಲಿ ಪಾಲ್ ಮಾರ್ಫಿ ಇಬ್ಬರು ಶ್ರೀಮಂತರ ಜೋಡಿಯ ವಿರುದ್ಧ 17 ನಡೆಗಳಲ್ಲಿ ಗೆದ್ದ ಆಟವನ್ನು, ಬಿಳಿಯ ಪ್ರತಿ ನಡೆಯನ್ನೂ ಮುಚ್ಚಿಟ್ಟು ಊಹಿಸುತ್ತ ಆಡಿನೋಡಿ.

ಅಂತ್ಯದಾಟ ಹಾಗಲ್ಲ. ಅಲ್ಲಿ ಒಮ್ಮೆ ಕಲಿತ ವಿಧಾನ ಜೀವನಪೂರ್ತಿ ಉಳಿಯುತ್ತದೆ, ಹೊಸ ಸಿದ್ಧಾಂತ ಬಂದು ಅದನ್ನು ಹಳತಾಗಿಸುವುದಿಲ್ಲ. ಸಮಯ ಕಡಿಮೆ ಇರುವವರಿಗೆ ಇದಕ್ಕಿಂತ ಲಾಭದ ಅಧ್ಯಯನವಿಲ್ಲ. ಮೊದಲು ಕಲಿಯಬೇಕಾದದ್ದು ರಾಜ ಮತ್ತು ಒಂದು ಕಾಲಾಳಿನ ಆಟ. ಬಿಳಿ ರಾಜ ಇ5ರಲ್ಲಿ, ಬಿಳಿ ಕಾಲಾಳು ಇ4ರಲ್ಲಿ, ಕಪ್ಪು ರಾಜ ಇ7ರಲ್ಲಿ ಇಡಿ. ಆಡುವ ಸರದಿ ಬಿಳಿಯದಾದರೆ ಡ್ರಾ, ಕಪ್ಪಿನದಾದರೆ ಬಿಳಿಗೆ ಗೆಲುವು. ಎದುರುಬದುರಾಗಿ ನಿಂತ ರಾಜರಲ್ಲಿ ಯಾರು ಮೊದಲು ಸರಿಯಬೇಕಾಗುತ್ತದೋ ಅವರಿಗೆ ನಷ್ಟ. ಇದನ್ನೇ ಆಪೊಸಿಷನ್ ಎನ್ನುತ್ತಾರೆ. ಈ ಸ್ಥಿತಿಯನ್ನು ಎರಡೂ ಕಡೆಯಿಂದ, ಗೆಳೆಯರೊಡನೆಯೋ ಎಂಜಿನ್ ಜೊತೆಗೋ, ಯೋಚಿಸದೆ ಆಡುವಷ್ಟು ರೂಢಿ ಮಾಡಿಕೊಳ್ಳಬೇಕು. ಅದರ ಬೆನ್ನಿಗೆ ಕಾಲಾಳು ತನ್ನಷ್ಟಕ್ಕೆ ಓಡಿ ರಾಣಿಯಾಗಬಲ್ಲದೇ ಎಂದು ಹೇಳುವ ಚೌಕದ ನಿಯಮ, ಮತ್ತು ಅಂಚಿನ ಕಾಲಾಳು ರಾಣಿಯಾಗುವ ಮನೆಯ ಬಣ್ಣ ಒಂಟೆಯ ಬಣ್ಣಕ್ಕಿಂತ ಬೇರೆಯಾಗಿದ್ದು ಎದುರಾಳಿಯ ರಾಜ ಆ ಮೂಲೆಗೆ ತಲುಪಿದರೆ ಡ್ರಾ ಎಂಬ ಸಂಗತಿ.

ನಂತರ ಆನೆಗಳ ಅಂತ್ಯದಾಟ. ಎರಡೇ ಸ್ಥಿತಿಗಳು ಮುಖ್ಯ. ಒಂದು ಕಾಲಾಳು ಕಡಿಮೆ ಇದ್ದವರು ಉಳಿದುಕೊಳ್ಳುವ ಫಿಲಿಡೋರ್ ಸ್ಥಿತಿಯಲ್ಲಿ ರಾಜ ಕಾಲಾಳಿನ ಮುಂದೆ, ಅದು ರಾಣಿಯಾಗುವ ಮನೆಯ ಬಳಿ ನಿಂತಿರುತ್ತಾನೆ. ಆನೆ ತನ್ನ ಕಡೆಯಿಂದ ಮೂರನೆಯ ಸಾಲನ್ನು ಕಾಯುತ್ತ ಎದುರಾಳಿಯ ರಾಜನನ್ನು ಮುಂದೆ ಬರಗೊಡುವುದಿಲ್ಲ, ಆ ಸಾಲಿಗೆ ಕಾಲಾಳು ಕಾಲಿಟ್ಟ ಕ್ಷಣವೇ ದೂರದ ತುದಿಗೆ ಹೋಗಿ ಹಿಂದಿನಿಂದ ಚೆಕ್‌ಗಳ ಮಳೆ ಸುರಿಸುತ್ತದೆ. ಗೆಲ್ಲುವವರು ತಿಳಿದಿರಬೇಕಾದದ್ದು ಲುಸೆನಾ ಸ್ಥಿತಿ: ಕಾಲಾಳು ಏಳನೆಯ ಸಾಲಿನಲ್ಲಿ, ಅದರ ರಾಜ ಮುಂದಿನ ಮನೆಯಲ್ಲಿ ಸಿಕ್ಕಿಕೊಂಡಿರುವಾಗ, ಆನೆಯನ್ನು ನಾಲ್ಕನೆಯ ಸಾಲಿಗೆ ತಂದಿಟ್ಟರೆ ರಾಜ ಹೊರಬಂದ ಮೇಲೆ ಚೆಕ್‌ಗಳಿಗೆ ಅಡ್ಡ ನಿಲ್ಲಬಹುದು. ಆಪೊಸಿಷನ್, ಫಿಲಿಡೋರ್, ಲುಸೆನಾ ಇವೆಲ್ಲವೂ ಲಿಚೆಸ್‌ನ ಪ್ರಾಕ್ಟೀಸ್ ವಿಭಾಗದಲ್ಲಿ ಉಚಿತವಾಗಿ ಸಿಗುತ್ತವೆ. ಒಂದು ಸೆಮಿಸ್ಟರ್‌ಗೆ ಈ ಐದು ವಿಷಯಗಳು ಸಾಕು.

ಏಳನೆಯ ಹಂತ: ರಜೆಯಲ್ಲಿ ಟೂರ್ನಿ

ಕಾಲೇಜು ತಂಡದಿಂದ ಆರಂಭಿಸುವುದು ಸುಲಭ. ವಿಶ್ವವಿದ್ಯಾಲಯಗಳು ಅಂತರ ಕಾಲೇಜು ಚೆಸ್ ಸ್ಪರ್ಧೆಗಳನ್ನು ನಡೆಸುತ್ತವೆ, ಅಲ್ಲಿಂದ ಆಯ್ಕೆಯಾದವರು ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ಹೋಗುತ್ತಾರೆ. ದೈಹಿಕ ಶಿಕ್ಷಣ ನಿರ್ದೇಶಕರನ್ನು ಸೆಮಿಸ್ಟರ್‌ನ ಆರಂಭದಲ್ಲೇ ಕಂಡು ಹೆಸರು ಕೊಟ್ಟಿರಿ; ಕಾಲೇಜಿನ ಪರವಾಗಿ ಆಡಿದ ದಿನಗಳಿಗೆ ಹಾಜರಾತಿಯ ವಿಷಯವನ್ನೂ ಅವರ ಬಳಿಯೇ ಮೊದಲೇ ಕೇಳಿಕೊಳ್ಳುವುದು ಒಳಿತು.

ಫಿಡೆ ರೇಟಿಂಗ್ ಬೇಕೆನ್ನುವವರು ಅಖಿಲ ಭಾರತ ಚೆಸ್ ಒಕ್ಕೂಟದಲ್ಲಿ ನೋಂದಣಿ ಮಾಡಿಸಿಕೊಂಡು ರೇಟಿಂಗ್ ಟೂರ್ನಿಗಳಲ್ಲಿ ಆಡಬೇಕು. ಮೊದಲ ರೇಟಿಂಗ್ ಬರಲು ರೇಟಿಂಗ್ ಇರುವ ಆಟಗಾರರ ವಿರುದ್ಧ ಕನಿಷ್ಠ 5 ಆಟಗಳು ಬೇಕು. 2024ರ ಮಾರ್ಚ್‌ನಿಂದ ಫಿಡೆಯ ಕನಿಷ್ಠ ರೇಟಿಂಗ್ 1400ಕ್ಕೆ ಏರಿದೆ. ಆನ್‌ಲೈನ್ ರೇಟಿಂಗ್‌ನ ಅಳತೆಗೋಲೇ ಬೇರೆಯಾದ್ದರಿಂದ ಎರಡನ್ನೂ ಹೋಲಿಸಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಹೊಸಬರಿಗೆ ಮೊದಲ 30 ಆಟಗಳವರೆಗೆ ಏರಿಳಿತದ ಗುಣಾಂಕ 40 ಇರುತ್ತದೆ, ಎಂದರೆ ಸಮಬಲದವರ ಎದುರು ಒಂದು ಗೆಲುವಿಗೆ 20 ಅಂಕ, ಒಂದು ಸೋಲಿಗೂ ಅಷ್ಟೇ. ಒಂದು ಟೂರ್ನಿ ಕೆಟ್ಟರೆ ಸಂಖ್ಯೆ ಬೇಗ ಕುಸಿಯುತ್ತದೆ, ಬೇಗ ಏರುತ್ತದೆ ಕೂಡ. ಆದ್ದರಿಂದ ಸುಧಾರಣೆಯನ್ನು ಅಳೆಯಲು ರೇಟಿಂಗ್‌ಗಿಂತ ನೋಟ್‌ಬುಕ್ ಒಳ್ಳೆಯದು: ಒಂದೇ ನಡೆಯಲ್ಲಿ ಕಾಯಿ ಕಳೆದುಕೊಂಡದ್ದು ಕಳೆದ ಹತ್ತು ಆಟಗಳಲ್ಲಿ ಎಷ್ಟು ಬಾರಿ, ಅದಕ್ಕೂ ಹಿಂದಿನ ಹತ್ತರಲ್ಲಿ ಎಷ್ಟು ಬಾರಿ ಎಂದು ಎಣಿಸಿ.

ಪರದೆಯಿಂದ ಮೇಜಿಗೆ ಬರುವವರು ಕೆಲವು ನಿಯಮಗಳನ್ನು ಮೊದಲೇ ರೂಢಿ ಮಾಡಿಕೊಳ್ಳಬೇಕು. ಮುಟ್ಟಿದ ಕಾಯಿಯನ್ನು ಆಡಲೇಬೇಕು. ಕ್ಯಾಸ್ಲಿಂಗ್ ಮಾಡುವಾಗ ಮೊದಲು ರಾಜನನ್ನು ಎತ್ತಬೇಕು. ಆನೆಯನ್ನು ಮೊದಲು ಮುಟ್ಟಿದರೆ ಆ ನಡೆಯಲ್ಲಿ ಆ ಕಡೆಗೆ ಕ್ಯಾಸ್ಲಿಂಗ್ ಇಲ್ಲ. ಡ್ರಾ ಕೇಳುವುದಾದರೆ ನಡೆ ಆಡಿ, ಕೇಳಿ, ನಂತರ ಗಡಿಯಾರ ಒತ್ತಬೇಕು. ದೀರ್ಘಾವಧಿಯ ಆಟದಲ್ಲಿ ಮೊದಲ ಅಕ್ರಮ ನಡೆಗೆ ಎದುರಾಳಿಗೆ 2 ನಿಮಿಷ ಹೆಚ್ಚುವರಿ ಸಮಯ, ಎರಡನೆಯದಕ್ಕೆ ಸೋಲು. ಆಟದ ವೇಳೆ ಮೊಬೈಲ್ ಮೈಮೇಲೆ ಇದ್ದರೆ ಆಟವೇ ಹೋಗುತ್ತದೆ, ಆದ್ದರಿಂದ ಅದು ನೀವು ಉಳಿದುಕೊಂಡ ಕೋಣೆಯಲ್ಲೇ ಇರಲಿ. ಪ್ರತಿ ನಡೆಯನ್ನೂ ಹಾಳೆಯಲ್ಲಿ ಬರೆಯಬೇಕು. ನಡೆಯ ಪಕ್ಕದಲ್ಲಿ ಗಡಿಯಾರದ ಸಮಯ ಬರೆದುಕೊಳ್ಳಲು ನಿಯಮದಲ್ಲೇ ಅವಕಾಶವಿದೆ. ಐದು ನಡೆಗೊಮ್ಮೆಯಾದರೂ ಹಾಗೆ ಬರೆದರೆ, ಸಮಯ ಎಲ್ಲಿ ಕರಗಿತು ಎಂಬುದು ಮನೆಗೆ ಬಂದ ಮೇಲೆ ತಿಳಿಯುತ್ತದೆ.

ಟೂರ್ನಿಯ ಸುತ್ತುಗಳ ನಡುವೆ ಎಂಜಿನ್ ತೆರೆಯಬೇಡಿ. ಗೆದ್ದ ಆಟದಲ್ಲೂ ತಪ್ಪುಗಳು ಕಂಡು ಮುಂದಿನ ಸುತ್ತಿಗೆ ಮನಸ್ಸು ಕದಡುತ್ತದೆ. ಆದರೆ ಎದುರಾಳಿ ಒಪ್ಪಿದರೆ ಆಟ ಮುಗಿದ ಕೂಡಲೇ ಹೊರಗೆ ಕೂತು ಇಬ್ಬರೂ ಸೇರಿ ಆಟವನ್ನು ಮತ್ತೆ ಆಡಿನೋಡಿ. ಅವರು ಯಾವುದಕ್ಕೆ ಹೆದರುತ್ತಿದ್ದರು, ಯಾವ ನಡೆಯನ್ನು ನಿರೀಕ್ಷಿಸಿದ್ದರು ಎಂಬುದನ್ನು ಯಾವ ಎಂಜಿನ್ನೂ ಹೇಳಲಾರದು.

ಊರಿಗೆ ಮರಳಿದ ವಾರದಲ್ಲೇ, ಹೊಸ ತರಗತಿಗಳು ಶುರುವಾಗುವ ಮೊದಲು, ಎಲ್ಲ ಹಾಳೆಗಳ ಆಟಗಳನ್ನು ಸ್ಟಡಿಗೆ ದಾಖಲಿಸಿ, ಪ್ರತಿಯೊಂದರ ಮುಖ್ಯ ತಪ್ಪನ್ನು ನೋಟ್‌ಬುಕ್ಕಿನ ಐದು ಗುಂಪುಗಳಲ್ಲಿ ಒಂದಕ್ಕೆ ಸೇರಿಸಿ. ಅಂತ್ಯದಾಟದ ಸಾಲಿನಲ್ಲಿ ಗುರುತುಗಳು ಹೆಚ್ಚಿದ್ದರೆ ಮುಂದಿನ ಸೆಮಿಸ್ಟರ್‌ನಲ್ಲಿ ವಾರದ 40 ನಿಮಿಷವನ್ನು 80 ಮಾಡಿ, ಆ ಹೊತ್ತನ್ನು ಪಜಲ್‌ಗಳಿಂದ ತೆಗೆದುಕೊಳ್ಳಿ. ಸಮಯದ ಸಾಲಿನಲ್ಲಿ ಹೆಚ್ಚಿದ್ದರೆ ಭಾನುವಾರದ ಆಟದಲ್ಲಿ ಮೊದಲ ಹದಿನೈದು ನಡೆಗಳಿಗೆ ಇಂತಿಷ್ಟೇ ನಿಮಿಷ ಎಂದು ಮೊದಲೇ ಬರೆದಿಟ್ಟುಕೊಂಡು ಕೂರಿ.